ನಮ್ಮನೆಯವರು ತೆಲುಗಿನಲ್ಲಿ ಎಚ್ಚರವಾದರು

ಕಣ್ಣು ಬಿಟ್ಟ ಮೇಲೆ ನಮ್ಮನೆಯವರು ಆಡಿದ ಮೊದಲ ಮಾತು ನನಗೆ ಅರ್ಥವಾಗಲಿಲ್ಲ.

ವೆಂಟಿಲೇಟರ್ ತೆಗೆದು, ಐಸಿಯುನಿಂದ ವಾರ್ಡಿಗೆ ತಂದು ಹಾಕಿದ್ದರು. ಅವರ ತುಟಿ ಅಲ್ಲಾಡಿತು. ಬಗ್ಗಿ ಕಿವಿ ಇಟ್ಟೆ. ಗಿರಿಜಾ ಎಂದು ನನ್ನ ಹೆಸರು ಕರೆಯುತ್ತಾರೆ, ಇಲ್ಲವೇ ಮಗಳ ಹೆಸರು ಹೇಳುತ್ತಾರೆ, ಕಡೇಪಕ್ಷ ನೀರು ಅಂತಾದರೂ ಕೇಳುತ್ತಾರೆ ಎಂದುಕೊಂಡಿದ್ದೆ. ಅವರು ಹೇಳಿದ್ದು ಬೇರೇನೋ. ಮತ್ತೆ ಹೇಳಿದರು. "ಏನ್ರೀ? ಏನಂದ್ರಿ?" ಎಂದೆ. ಮಂಚದ ಆ ಕಡೆ ನಿಂತಿದ್ದ ಅವರ ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ತಲ ಕಾಲ್ತಾಂದಿ ಅಂತಾನೆ ಕಣಮ್ಮ. ತಲೆ ಸುಡ್ತೈತಂತೆ."

ತೆಲುಗು.

ನಮ್ಮನೆಯವರ ಹೆಸರು ತಿಪ್ಪೇಸ್ವಾಮಿ. ಹುಟ್ಟಿದ್ದು ಮೊಳಕಾಲ್ಮೂರು ತಾಲ್ಲೂಕಿನ ಒಂದು ಗಡಿಹಳ್ಳಿಯಲ್ಲಿ. ಅಲ್ಲಿ ಮನೆಯೊಳಗೆ ತೆಲುಗು, ಬೀದಿಯಲ್ಲಿ ಎರಡೂ. ಅವರು ಚಿಕ್ಕವರಿದ್ದಾಗಲೇ ತಾಯಿ ತೀರಿಕೊಂಡರು. ಎತ್ತಿ ಆಡಿಸಿ ಬೆಳೆಸಿದವರು ಅಕ್ಕ ಓಬಮ್ಮ. ನಾನು ಅವರನ್ನು ಅತ್ತಿಗೆ ಎಂದು ಕರೆಯುತ್ತೇನೆ. ಆಮೇಲೆ ಅತ್ತಿಗೆಯನ್ನು ಮೊಳಕಾಲ್ಮೂರು ಪೇಟೆಯ ನೇಕಾರರ ಮನೆಗೆ ಕೊಟ್ಟರು. ಗಂಡ ಹೋಗಿ ಬಹಳ ವರ್ಷವಾಯಿತು. ಈಗಲೂ ರೇಷ್ಮೆ ಸೀರೆ ನೇಯುತ್ತಾರೆ. ನಾನು ಚಳ್ಳಕೆರೆಯವಳು. ಶೇಂಗಾ ವ್ಯಾಪಾರದ ಮನೆ ನಮ್ಮದು, ಕನ್ನಡ ಬಿಟ್ಟು ಬೇರೆ ಮಾತಿಲ್ಲ. ಮದುವೆಯಾದ ಮೇಲೆ ನಮ್ಮವರು ಚಳ್ಳಕೆರೆಯಲ್ಲೇ ಸೀರೆ ಅಂಗಡಿ ಇಟ್ಟರು. ಇಪ್ಪತ್ತು ವರ್ಷ ನಮ್ಮ ಮನೆಯಲ್ಲಿ ನಡೆದದ್ದು ಕನ್ನಡ. ಜಗಳ, ಲೆಕ್ಕ, ಪ್ರೀತಿ, ಮಗಳಿಗೆ ಹಾಕಿದ ಜೋಗುಳ, ಎಲ್ಲವೂ. ಅವರೊಳಗೆ ಇನ್ನೊಂದು ಮಾತು ಇದೆ ಎಂಬುದೇ ನನಗೆ ಮರೆತುಹೋಗಿತ್ತು.

ಸೋಮವಾರ ಮಾತ್ರ ನೆನಪಾಗುತ್ತಿತ್ತು. ಸೋಮವಾರ ಅಂಗಡಿಗೆ ರಜ. ಅವರು ಬೈಕ್ ಹತ್ತಿ ಮೊಳಕಾಲ್ಮೂರಿಗೆ ಹೋಗಿ, ನೇಕಾರರಿಂದ ಸೀರೆ ಎತ್ತಿಕೊಂಡು, ಅಕ್ಕನ ಮನೆಯಲ್ಲಿ ಊಟ ಮಾಡಿ ಬರುತ್ತಿದ್ದರು. ಬಂದ ಮೇಲೆ ರಾತ್ರಿ ನಾನು ಬಡಿಸಿದ್ದನ್ನು ಅರ್ಧ ಬಿಡುತ್ತಿದ್ದರು. "ಅಕ್ಕನ ಕೈ ಊಟ ಇನ್ನೂ ಹೊಟ್ಟೇಲಿ ಐತೆ" ಅನ್ನುವರು. ನಾನು ತಟ್ಟೆ ಎತ್ತುವಾಗ ಸ್ವಲ್ಪ ಸದ್ದು ಮಾಡಿಯೇ ಎತ್ತುತ್ತಿದ್ದೆ.

ಅಂಥದೇ ಒಂದು ಸೋಮವಾರ ಮಧ್ಯಾಹ್ನ, ವಾಪಸು ಬರುವಾಗ, ಬಿ.ಜಿ. ಕೆರೆ ಹತ್ತಿರ ಕುರಿಹಿಂಡು ರಸ್ತೆ ದಾಟುತ್ತಿತ್ತಂತೆ. ಬ್ರೇಕ್ ಹಿಡಿದಿದ್ದಾರೆ. ಬೈಕ್ ಜಾರಿದೆ. ಹೆಲ್ಮೆಟ್ಟಿನ ಪಟ್ಟಿ ಹಾಕಿರಲಿಲ್ಲ, ಅದು ಮೊದಲೇ ಹಾರಿಹೋಗಿದೆ. ತಲೆಯ ಎಡಭಾಗ ಡಾಂಬರಿಗೆ ಬಡಿದಿದೆ. ಕುರಿ ಕಾಯುವವರೇ ಎತ್ತಿ ನೆರಳಿಗೆ ಹಾಕಿ, ಜೇಬಿನಿಂದ ಫೋನ್ ತೆಗೆದು, ಕೊನೆಗೆ ಮಾತಾಡಿದ್ದ ನಂಬರಿಗೆ ಒತ್ತಿದರು.

ಆ ಫೋನ್ ಹೋದದ್ದು ಅತ್ತಿಗೆಗೆ.

ನನಗೆ ಸುದ್ದಿ ಬರುವಷ್ಟರಲ್ಲಿ ಅತ್ತಿಗೆ ಮೊಳಕಾಲ್ಮೂರಿನಿಂದಲೇ ಆಂಬುಲೆನ್ಸ್ ಹತ್ತಿ ಬಂದು, ತಮ್ಮನ ತಲೆ ಹಿಡಿದು ಕೂತಾಗಿತ್ತು. ಚಳ್ಳಕೆರೆ ಸರ್ಕಲ್ಲಿನಲ್ಲಿ ಗಾಡಿ ನಿಲ್ಲಿಸಿ ನನ್ನನ್ನು ಹತ್ತಿಸಿಕೊಂಡರು. ಒಳಗೆ ಜಾಗವಿರಲಿಲ್ಲ. ಡ್ರೈವರ್ ಪಕ್ಕ ಕೂತೆ. ಚಿತ್ರದುರ್ಗದವರೆಗೆ ನನ್ನ ಗಂಡನಿಗೆ ಬೆನ್ನು ಮಾಡಿಕೊಂಡು ಹೋದೆ. ಜೀವ ಹೋಗುತ್ತದೋ ಉಳಿಯುತ್ತದೋ ಎಂಬ ಹೊತ್ತಿನಲ್ಲೂ ಅದೊಂದು ಮುಳ್ಳು ಚುಚ್ಚಿಯೇ ಚುಚ್ಚಿತು. ಅತ್ತಿಗೆ ಕೂತಿದ್ದ ಆ ಜಾಗ ನನ್ನದಾಗಬೇಕಿತ್ತು.

ಚಿತ್ರದುರ್ಗದಲ್ಲಿ ಸಿಟಿ ಸ್ಕ್ಯಾನ್ ಮಾಡಿ ಬೆಂಗಳೂರಿಗೆ ಕಳಿಸಿದರು. ಎಡಗಡೆ ಮೆದುಳಿನಲ್ಲಿ ಕಂಟ್ಯೂಷನ್, ಅಂದರೆ ಮೆದುಳೇ ಜಜ್ಜಿ ರಕ್ತ ಒಸರಿದೆ. ಆಪರೇಷನ್ ಬೇಕಾಗಲಿಕ್ಕಿಲ್ಲ, ಊತ ಇಳಿಯುವವರೆಗೆ ಐಸಿಯುನಲ್ಲಿ ಮಲಗಿಸೋಣ ಎಂದರು. ಮಗಳನ್ನು ನನ್ನ ತವರಿನಲ್ಲಿ ಬಿಟ್ಟೆ. ಐಸಿಯು ಬಾಗಿಲ ಹೊರಗೆ ನಾನು, ಅತ್ತಿಗೆ ಇಬ್ಬರೇ. ಒಂದೇ ಚಾಪೆ. ಆಗ ನಮ್ಮಿಬ್ಬರಿಗೂ ಅಳುವುದಕ್ಕೆ ಒಂದೇ ಕಾರಣವಿತ್ತು, ಜಗಳವಿರಲಿಲ್ಲ. ಅವರಿಗೆ ಎಚ್ಚರವಾದ ಮೇಲೆಯೇ ಎಲ್ಲ ಶುರುವಾದದ್ದು.

ನ್ಯೂರೋ ಡಾಕ್ಟರ್ ವಿವರಿಸಿದರು. ಪೆಟ್ಟು ಬಿದ್ದದ್ದು ಮಾತಿನ ಜಾಗಕ್ಕೆ. ಎರಡು ಭಾಷೆ ಬಲ್ಲವರಲ್ಲಿ ಒಮ್ಮೊಮ್ಮೆ ಒಂದು ಮೊದಲು ಮರಳುತ್ತದೆ, ಇನ್ನೊಂದು ತಡವಾಗುತ್ತದೆ. ಯಾವುದು ಮೊದಲು ಎಂದು ಹೇಳಲಾಗದು. ಎರಡನೆಯದು ಎಷ್ಟು ಬರುತ್ತದೆ ಎಂದೂ ಹೇಳಲಾಗದು.

"ನನ್ನ ಗುರುತು ಐತಾ ಅವರಿಗೆ?" ಎಂದು ಕೇಳಿದೆ.

"ಖಂಡಿತ ಇದೆ. ಮಾತು ಸಿಗ್ತಿಲ್ಲ, ಅಷ್ಟೆ."

ಅಷ್ಟೆ ಎಂಬ ಆ ಪದವನ್ನು ನಾನು ಆಮೇಲೆ ಬಹಳ ದಿನ ಅಗಿದೆ. ಅವರಿಗೆ ನನ್ನ ಗುರುತು ಇತ್ತು. ಅದೇ ಕಷ್ಟವಾದದ್ದು. ನಾನು ಮಾತಾಡಿಸಿದರೆ ಮುಖ ನೋಡುತ್ತಿದ್ದರು. ಬಾಯಿ ತೆರೆಯುತ್ತಿದ್ದರು. ಪದಕ್ಕಾಗಿ ತಡಕಾಡಿ, ಹಣೆ ಬೆವತು, ಕೊನೆಗೆ ಸೋತು ಅಕ್ಕನ ಕಡೆ ತಿರುಗುತ್ತಿದ್ದರು. ಅಲ್ಲಿ ಮಾತು ನೀರಿನ ಹಾಗೆ ಹರಿಯುತ್ತಿತ್ತು. ಅಕ್ಕ, ತಮ್ಮ ಇಬ್ಬರೂ ಮೆಲ್ಲಗೆ ಮಾತಾಡುತ್ತಿದ್ದರು. ನಡುನಡುವೆ ಅತ್ತಿಗೆ ನನಗೆ ಕನ್ನಡ ಮಾಡಿ ಹೇಳುತ್ತಿದ್ದರು. "ನೀರು ಬೇಕಂತೆ." "ಕಾಲು ಜೋಮು ಹಿಡಿದೈತಂತೆ." ಅಷ್ಟು ಹೊತ್ತು ಆಡಿದ ಮಾತು ಬರೀ ನೀರಿನದಾಗಿರಲು ಸಾಧ್ಯವೇ? ನನ್ನ ಗಂಡ ಏನು ಹೇಳಿದರು ಎಂದು ಇನ್ನೊಬ್ಬ ಹೆಂಗಸನ್ನು ಕೇಳಿ ತಿಳಿಯಬೇಕಾಗಿ ಬಂದಿತ್ತು.

ಪಕ್ಕದ ಬೆಡ್ಡಿನಲ್ಲಿ ದಾವಣಗೆರೆ ಕಡೆಯವರೊಬ್ಬರಿದ್ದರು. ಅವರಿಗೂ ತಲೆಗೆ ಪೆಟ್ಟು. ಎದ್ದರೆ ಕೂತರೆ ಹೆಂಡತಿಯನ್ನು ಬಯ್ಯುತ್ತಿದ್ದರು. ಅವಳು ಕಣ್ಣೀರು ಒರೆಸಿಕೊಳ್ಳುತ್ತಿದ್ದಳು. ಅಚ್ಚ ಕನ್ನಡದ ಆ ಬೈಗುಳ ಕೇಳಿ ನನಗೆ ಅವಳ ಮೇಲೂ ಹೊಟ್ಟೆಕಿಚ್ಚಾಗುತ್ತಿತ್ತು.

ತಲೆ ಸುಡುತ್ತದೆ ಎಂಬ ಮಾತು ಮಾತ್ರ ದಿನವೂ ಇರುತ್ತಿತ್ತು. ಹಣೆ ಮುಟ್ಟಿದರೆ ತಣ್ಣಗೆ. ನರ್ಸ್ ಥರ್ಮಾಮೀಟರ್ ಇಟ್ಟರೆ ನಾರ್ಮಲ್. ಅತ್ತಿಗೆ ಒದ್ದೆಬಟ್ಟೆ ಹಾಕುತ್ತಿದ್ದರು. ಒಂದು ದಿನ ಸಿಟ್ಟು ತಡೆಯದೆ ಹೇಳಿಯೇಬಿಟ್ಟೆ.

"ಜ್ವರ ಇಲ್ಲ ಅಂತ ನರ್ಸ್ ಹೇಳ್ತಾರಲ್ಲ ಅತ್ತಿಗೆ. ನೀವು ಮುದ್ದು ಮಾಡ್ತೀರಿ ಅಂತಾನೇ ನಿಮ್ಮ ತಮ್ಮ ಸುಡ್ತೈತೆ ಅಂತಾರೆ."

ಅತ್ತಿಗೆ ಬಟ್ಟೆ ಹಿಂಡಿದರು. "ಸುಡ್ತೈತೆ ಅಂದ್ರೆ ಸುಡ್ತೈತೆ" ಎಂದರು, ನನ್ನ ಮುಖ ನೋಡದೆ.

ಆ ವಾರವೇ ಒಬ್ಬ ಡಾಕ್ಟರ್ ಮೇಡಂ ನಮ್ಮ ಬೆಡ್ಡಿನ ಹತ್ತಿರ ಬಂದರು. ಚಿಕ್ಕ ವಯಸ್ಸು, ಮೆದುಮಾತು. ತಲೆಗೆ ಪೆಟ್ಟು ಬಿದ್ದವರ ಮೆದುಳಿನ ಒಳಗಿನ ಉಷ್ಣತೆ ಎಷ್ಟಿರುತ್ತದೆ ಎಂದು ಎಂಆರ್‌ಐ ಮೂಲಕ ಅಳೆಯುವ ಅಧ್ಯಯನ ನಡೆಸುತ್ತಿದ್ದೇವೆ, ನಿಮ್ಮವರು ಸೇರಬಹುದೇ ಎಂದು ಕೇಳಿದರು. ಚಿಕಿತ್ಸೆ ಇದರಿಂದ ಬದಲಾಗುವುದಿಲ್ಲ, ಒಲ್ಲೆ ಎಂದರೂ ಬೇಸರವಿಲ್ಲ ಎಂದರು.

"ಮೆದುಳಿಗೂ ಜ್ವರ ಬರ್ತೈತಾ ಮೇಡಂ?" ಎಂದೆ.

"ಮೈಯಲ್ಲಿ ಜ್ವರ ಇಲ್ಲದಿದ್ದರೂ ಮೆದುಳು ಸ್ವಲ್ಪ ಬೆಚ್ಚಗಿರಬಹುದು. ಗಾಯವಾದ ಜಾಗ ಇನ್ನೂ ಬೆಚ್ಚಗಿರಬಹುದು. ಕಂಕುಳಲ್ಲಿ ಇಟ್ಟ ಥರ್ಮಾಮೀಟರ್‌ಗೆ ಅದು ಗೊತ್ತಾಗಲ್ಲ. ನೇರವಾಗಿ ಅಳೆಯಬೇಕು ಅಂದರೆ ತಲೆಬುರುಡೆಗೆ ತೂತು ಮಾಡಿ ತಂತಿ ಇಳಿಸಬೇಕು. ಎಂಆರ್‌ಐನಲ್ಲಿ ಅದು ಬೇಡ."

ಅದು ಹೇಗೆ ಎಂದು ಕೇಳಿದೆ. ತಾಳ್ಮೆಯಿಂದ ಹೇಳಿದರು. ಮೆದುಳಿನಲ್ಲಿ ಎಲ್ಲ ಕಡೆ ನೀರಿದೆ. ಯಂತ್ರದಲ್ಲಿ ಆ ನೀರಿಗೊಂದು ಸಿಗ್ನಲ್ ಬರುತ್ತದೆ. ಬಿಸಿ ಏರಿದರೆ ಆ ಸಿಗ್ನಲ್ ಕೂದಲೆಳೆಯಷ್ಟು ಪಕ್ಕಕ್ಕೆ ಸರಿಯುತ್ತದೆ. ಅಲ್ಲೇ ಇನ್ನೊಂದು ವಸ್ತು ಇದೆ, ಅದರ ಸಿಗ್ನಲ್ ಬಿಸಿಗೂ ಕದಲುವುದಿಲ್ಲ, ತಂಪಿಗೂ ಕದಲುವುದಿಲ್ಲ. ಎರಡರ ನಡುವೆ ಎಷ್ಟು ದೂರ ಎಂದು ನೋಡಿದರೆ ಉಷ್ಣತೆ ಲೆಕ್ಕ ಹಾಕಬಹುದು. ಆದರೆ ರೋಗಿ ಅಲ್ಲಾಡಬಾರದು. ಸ್ವಲ್ಪವೂ.

ಒಪ್ಪಿಗೆ ಪತ್ರಕ್ಕೆ ಸಹಿ ಯಾರು ಹಾಕುತ್ತೀರಿ ಎಂದು ಕೇಳಿದರು. ಅತ್ತಿಗೆ ನನ್ನ ಕಡೆ ನೋಡಿದರು.

"ನಾನು ಹೆಂಡತಿ" ಎಂದೆ. ಬೇಕಾದ್ದಕ್ಕಿಂತ ಜೋರಾಗಿಯೇ ಅಂದಿರಬೇಕು, ಪಕ್ಕದ ಬೆಡ್ಡಿನವರೂ ತಿರುಗಿ ನೋಡಿದರು.

ಸ್ಕ್ಯಾನಿಗೆ ಕರೆದೊಯ್ದಾಗ, ರೋಗಿ ಗಾಬರಿಯಾಗದಂತೆ ಒಬ್ಬರು ಒಳಗೆ ಕಾಲ ಹತ್ತಿರ ಕೂರಬಹುದು ಎಂದರು. ಅವರಿಗೆ ತೆಲುಗು ಮಾತ್ರ ತಿಳಿಯುತ್ತಿದೆ, ಅಕ್ಕ ಕೂತರೆ ಒಳ್ಳೆಯದಲ್ಲವೇ ಎಂದು ಮೇಡಂ ಮೆತ್ತಗೆ ಸೂಚಿಸಿದರು. ನಾನೇ ಕೂರುತ್ತೇನೆ ಎಂದೆ. ಮೈಮೇಲೆ ಲೋಹವೇನೂ ಇರಬಾರದು. ಬಳೆ, ಓಲೆ, ಕಾಲುಂಗುರ ಬಿಚ್ಚಿದೆ. ತಾಳಿ ಬಿಚ್ಚುವಾಗ ಕೈ ತಡೆಯಿತು. ಮದುವೆಯಾದಂದಿನಿಂದ ಕೊರಳಿನಿಂದ ತೆಗೆದಿರಲಿಲ್ಲ. ಬಿಚ್ಚಿ, ಯಾರ ಕೈಗೆ ಕೊಡುವುದೆಂದು ತಿಳಿಯದೆ ನಿಂತೆ. ಅತ್ತಿಗೆ ಎರಡು ಹೆಜ್ಜೆ ಹಿಂದೆ ಸರಿದರು.

"ನನ್ನ ಕೈಗೆ ಬ್ಯಾಡಮ್ಮ. ಗಂಡ ಸತ್ತೋಳು ನಾನು. ಆ ನರ್ಸಮ್ಮನ ಕೈಗೆ ಕೊಡು."

ನರ್ಸ್ ಕೈಗೆ ಕೊಟ್ಟೆ. ಇನ್ನೊಂದು ದಿನವಾಗಿದ್ದರೆ, ಅದೆಂಥ ಮಾತು ಅತ್ತಿಗೆ, ಹಿಡೀರಿ ಎನ್ನುತ್ತಿದ್ದೆ. ಆ ದಿನ ಅನ್ನಲಿಲ್ಲ. ಅವರು ಹಿಂದೆ ಸರಿದದ್ದು ನನಗೆ ಹಿತವಾಗಿತ್ತು.

ಒಳಗೆ ಚಳಿ. ಅವರನ್ನು ಕೊಳವೆಯೊಳಗೆ ತಳ್ಳಿದರು. ಕಾಲು ಮಾತ್ರ ನನ್ನ ಕೈಯಲ್ಲಿ. ಯಂತ್ರ ಬಡಿಯಲು ಶುರು ಮಾಡಿತು. ಕಿವಿಗೆ ಹತ್ತಿ ಇಟ್ಟಿದ್ದರೂ ಎದೆಗೆ ಬಡಿದಂತಾಗುತ್ತಿತ್ತು. ಸದ್ದು ನಿಂತಾಗ ಒಳಗಿನಿಂದ ಅವರ ದನಿ ಕೇಳಿತು. ತೆಲುಗು. ಹೆದರಿದ ದನಿ.

"ಏನೂ ಆಗಲ್ಲ, ಸುಮ್ನಿರ್ರಿ. ನಾನಿದೀನಿ" ಎಂದೆ. ಪಾದ ಒತ್ತಿದೆ.

ಅವರು ಕಾಲು ಕೊಸರಿಕೊಂಡರು.

ನನ್ನ ಕೈಯಿಂದ. ಮುಟ್ಟಿದವರು ಯಾರೋ ಪರರೇನೋ ಎಂಬಂತೆ. ಮತ್ತೆ ಹಿಡಿದೆ, ಮತ್ತೆ ಎಳೆದುಕೊಂಡರು. ಮೈಕಿನಲ್ಲಿ ಟೆಕ್ನಿಷಿಯನ್, "ಅಮ್ಮ, ಏನು ಹೇಳ್ತಿದ್ದಾರೆ ಅವರು?" ಎಂದು ಕೇಳಿದರು. ಇಪ್ಪತ್ತು ವರ್ಷ ಸಂಸಾರ ಮಾಡಿದವಳು ನಾನು, "ಗೊತ್ತಾಗ್ತಿಲ್ಲ" ಎಂದೆ. ಸ್ಕ್ಯಾನ್ ನಿಲ್ಲಿಸಿ ಹೊರಗೆ ಎಳೆದರು. ಅಲ್ಲಾಡಿದ್ದರಿಂದ ಅಳತೆ ಕೆಟ್ಟಿತ್ತು. ಇನ್ನೊಮ್ಮೆ ನೋಡೋಣವೇ, ಬಿಟ್ಟುಬಿಡೋಣವೇ, ನೀವೇ ಹೇಳಿ ಎಂದರು ಮೇಡಂ.

ಬಿಟ್ಟುಬಿಡಿ ಎನ್ನಬಹುದಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವರು ಗಾಲಿಮಂಚದಲ್ಲಿ ಅಂಗಾತ ಮಲಗಿ, ಎರಡು ಕೈಯಲ್ಲೂ ತಲೆ ಹಿಡಿದುಕೊಂಡಿದ್ದರು. ಸುಡುವುದು ನಿಜವೋ ಅಲ್ಲವೋ ನನಗೂ ತಿಳಿಯಬೇಕಿತ್ತು.

"ಅತ್ತಿಗೆ, ನೀವು ಹೋಗ್ರಿ" ಎಂದೆ.

ಗಾಜಿನ ಈ ಕಡೆಯಿಂದ ನೋಡಿದೆ. ಅತ್ತಿಗೆ ಪಾದದ ಮೇಲೆ ಅಂಗೈ ಇಟ್ಟು ಏನೋ ಎರಡು ಮಾತು ಹೇಳಿದರು. ಅಷ್ಟೇ. ನಮ್ಮವರು ಕಲ್ಲಿನ ಹಾಗೆ ಮಲಗಿದರು. ಯಂತ್ರ ಬಡಿದಷ್ಟು ಹೊತ್ತೂ ಒಂದು ಬೆರಳು ಕದಲಲಿಲ್ಲ. ನನ್ನ ಹೊಟ್ಟೆ ಹೇಗೆ ಉರಿಯಿತೆಂದರೆ, ನನ್ನನ್ನೂ ಆ ಕೊಳವೆಗೆ ಹಾಕಿದ್ದರೆ ಯಂತ್ರವೇ ಕೂಗಿಕೊಳ್ಳುತ್ತಿತ್ತೇನೋ. ಅಳತೆ ಚೆನ್ನಾಗಿ ಬಂತು ಎಂದು ಎಲ್ಲರೂ ನಕ್ಕರು. ನಾನೂ ನಕ್ಕೆ.

ಮೇಡಂ ಆಮೇಲೆ ಕರೆದು ಪರದೆಯ ಮೇಲೆ ತೋರಿಸಿದರು. ಬೆಟ್ಟದ ಸಾಲಿನಂಥ ಗೆರೆಗಳು. ಬಲಗಡೆಗಿಂತ ಎಡಗಡೆ, ಗಾಯವಾದ ಜಾಗದ ಸುತ್ತ, ಸ್ವಲ್ಪ ಬೆಚ್ಚಗಿದೆ ಎಂದರು. ಮೈಯ ಉಷ್ಣತೆ ಆ ಹೊತ್ತಿಗೆ ನಾರ್ಮಲ್ಲೇ ಇತ್ತು.

"ಹಂಗಾದ್ರೆ ಅವರು ಹೇಳಿದ್ದು ನಿಜ."

"ಹಾಗೆ ಜೋಡಿಸಬೇಡಿ" ಎಂದು ತಡೆದರು. "ಮೆದುಳಿಗೆ ಸ್ವತಃ ಬಿಸಿ ಗೊತ್ತಾಗಲ್ಲ. ಉರಿ ಅನ್ನಿಸೋದು ಚರ್ಮದ ನರಗಳಿಗೆ ಪೆಟ್ಟು ಬಿದ್ದಿದ್ದಕ್ಕೂ ಇರಬಹುದು. ಇದು ಬೇರೆ, ಅದು ಬೇರೆ. ಒಬ್ಬರ ಅಳತೆ ನೋಡಿ ನಾವು ಏನೂ ಹೇಳಕ್ಕಾಗಲ್ಲ."

ತಲೆಯಾಡಿಸಿದೆ. ಅವರ ಮಾತು ಸರಿಯಿರಬೇಕು. ಆದರೆ ಜೋಡಿಸದಿರಲು ನನಗೆ ಆಗಲಿಲ್ಲ. ನಾನು ಹಣೆ ಮುಟ್ಟಿ ತಣ್ಣಗಿದೆ ಎಂದಿದ್ದೆ. ಅತ್ತಿಗೆ ಅವರ ಮಾತನ್ನೇ ನಂಬಿದ್ದರು.

ಆಸ್ಪತ್ರೆಯ ಹಿಂದೆ ರೋಗಿಗಳ ಕಡೆಯವರು ಬಟ್ಟೆ ಒಗೆಯುವ ಕಲ್ಲುಗಳಿವೆ. ಮರುದಿನ ಬೆಳಿಗ್ಗೆ ಇಬ್ಬರೂ ಅಲ್ಲಿದ್ದೆವು. ನಮ್ಮವರ ಪಂಚೆಯನ್ನು ನಾನೇ ಒಗೆಯಬೇಕೆಂದು ಅತ್ತಿಗೆಯ ಕೈಯಿಂದ ಕಿತ್ತುಕೊಂಡೆ. ಅತ್ತಿಗೆ ಬಿಟ್ಟುಕೊಟ್ಟು, ನನ್ನ ಮುಖ ನೋಡಿದರು.

"ಹೊಟ್ಟೆ ಉರೀತೈತಾ ಗಿರಿಜ?"

ಇಷ್ಟು ನೇರವಾಗಿ ಯಾರಾದರೂ ಕೇಳಿದರೆ ಸುಳ್ಳು ಹೇಳಲಾಗುವುದಿಲ್ಲ.

"ಹ್ಞೂಂ ಅತ್ತಿಗೆ. ಉರೀತೈತೆ. ಅವರಿಗೆ ನಾನು ಬ್ಯಾಡವಾಗೀನಿ. ನೀವಿದ್ರೆ ಸಾಕು ಅವರಿಗೆ."

ಅತ್ತಿಗೆ ಕಲ್ಲಿನ ಮೇಲೆ ಕೂತರು. ಆಮೇಲೆ ಹೇಳಿದ್ದನ್ನು ನಾನು ಸಾಯುವವರೆಗೂ ಮರೆಯಲಾರೆ.

"ನಂಗೆ ಇಪ್ಪತ್ತು ವರ್ಷ ಉರೀತು ಕಣಮ್ಮ. ನಿನ್ನ ಮದ್ವೆ ಆದ ಮ್ಯಾಲೆ ಅವ್ನು ನನ್ ಕೂಡ ತೆಲುಗು ಆಡೋದೇ ಬಿಟ್ಟ. ಸೋಮವಾರ ಬರೋನು, ಉಣ್ಣೋನು, ಎಲ್ಲಾ ಕನ್ನಡದಾಗೇ. ಗಿರಿಜ ಹಂಗಂದ್ಲು, ಗಿರಿಜ ಹಿಂಗಂದ್ಲು. ಅವ್ವ ಹೋದಾಗ ಅವ್ನಿಗೆ ಮಾತು ಕಲ್ಸಿದೋಳು ನಾನು. ಆ ಮಾತು ಅವ್ನ ಬಾಯಾಗಿಂದ ಹೊಂಟೋಯ್ತಲ್ಲ ಅಂತ ಮಗ್ಗದ ಮುಂದೆ ಕುಂತು ಅತ್ತೀನಿ. ಈಗ ಬಂತು ನೋಡು. ತಲೆ ಒಡ್ಕಂಡ ಮ್ಯಾಲೆ ಬಂತು. ಅವತ್ತು ಅವ್ನು ತಲ ಕಾಲ್ತಾಂದಿ ಅಂತ ಬಾಯಿಬಿಟ್ಟಾಗ..."

ನಿಲ್ಲಿಸಿದರು. ಕಣ್ಣು ಒರೆಸಿಕೊಳ್ಳಲಿಲ್ಲ, ಹಾಗೇ ಬಿಟ್ಟರು.

"ನಂಗೆ ಖುಷಿ ಆತು ಗಿರಿಜ. ಅವ್ನು ಆ ಸ್ಥಿತೀಲಿ ಬಿದ್ದಿದ್ರೂ ಖುಷಿ ಆತು. ಥೂ, ಎಂಥ ಹೆಂಗಸು ನಾನು."

ನನ್ನ ಕೈಯಲ್ಲಿ ಸೋಪು ನೊರೆ ಹಾಗೇ ಇತ್ತು. ನಾನೊಬ್ಬಳೇ ಉರಿದುಹೋಗುತ್ತಿದ್ದೇನೆ ಎಂದುಕೊಂಡಿದ್ದೆ. ಇನ್ನೊಂದು ಮನೆಯಲ್ಲಿ ಅದೇ ಉರಿ ನನ್ನಿಂದಾಗಿ ಇಪ್ಪತ್ತು ವರ್ಷ ಉರಿದಿತ್ತು ಎಂದು ತಿಳಿದಾಗ ಸಮಾಧಾನವಾಯಿತೋ ನಾಚಿಕೆಯಾಯಿತೋ ಹೇಳಲಾರೆ. ಪಂಚೆಯ ಒಂದು ತುದಿಯನ್ನು ಅವರ ಕಡೆ ಚಾಚಿದೆ. ಇಬ್ಬರೂ ಸೇರಿ ಹಿಂಡಿದೆವು.

"ನಿನ್ನೆ ಅಲ್ಲಿ ಏನಂದ್ರಿ ಅವರಿಗೆ?" ಎಂದು ಕೇಳಿದೆ.

"ಕದಲಾಕು ಅಂದೆ. ಅಲ್ಲಾಡ್ಬ್ಯಾಡ ಅಂತ. ನೇನುಂಡಾ ಅಂದೆ. ನಾನಿದೀನಿ ಅಂತ."

ನಾನೂ ಅದನ್ನೇ ಹೇಳಿದ್ದೆ. ಬೇರೆ ಮಾತಿನಲ್ಲಿ.

ಅಂದಿನಿಂದ ಕಲಿಯತೊಡಗಿದೆ. ಅತ್ತಿಗೆ ಹೇಳಿಕೊಟ್ಟರು. ನನ್ನ ನಾಲಿಗೆ ಹೊರಳುತ್ತಿರಲಿಲ್ಲ. ಸ್ಪೀಚ್ ಥೆರಪಿಯವರು ಎರಡೂ ಭಾಷೆಯಲ್ಲಿ ಮಾತಾಡಿಸಿ, ಯಾವುದನ್ನೂ ತಡೆಯಬೇಡಿ ಎಂದರು. ಡಿಸ್ಚಾರ್ಜ್ ಆಗಿ ಚಳ್ಳಕೆರೆಗೆ ಬಂದೆವು. ಅತ್ತಿಗೆ ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಬಿಟ್ಟು ಬಂದಿದ್ದರು, ಆದರೂ ನಮ್ಮ ಜೊತೆ ಉಳಿದರು. ಕನ್ನಡ ನಿಧಾನಕ್ಕೆ ಮರಳಿತು. ಅವರ ಬಾಯಿಂದ ಬಂದ ಮೊದಲ ಕನ್ನಡ ಪದ ನನ್ನ ಹೆಸರಾಗಿರುತ್ತದೆ ಎಂದು ಕಾದಿದ್ದೆ. ಬಂದದ್ದು "ಬೀಗ." ಅಂಗಡಿಯ ಬೀಗದ ಕೈ ಎಲ್ಲಿ ಎಂದು ಕೇಳುತ್ತಿದ್ದರು. ನಗುವೂ ಬಂತು, ಅಳುವೂ ಬಂತು. ಆ ಬೀಗದ ಕೈ ಈಗ ನನ್ನ ಸೊಂಟದಲ್ಲಿದೆ. ಅಂಗಡಿ ನಾನೇ ತೆಗೆಯುತ್ತೇನೆ.

ಕೆಲವು ತಿಂಗಳ ಮೇಲೆ ಅಧ್ಯಯನದ ಎರಡನೇ ಸ್ಕ್ಯಾನಿಗೆ ಕರೆದರು. ಅತ್ತಿಗೆ ಅಷ್ಟರಲ್ಲಿ ಊರಿಗೆ ಹೋಗಿದ್ದರು. ಒಳಗೆ ಕೂತವಳು ನಾನು. ಯಂತ್ರ ಶುರುವಾಗುವ ಮುಂಚೆ ಪಾದದ ಮೇಲೆ ಅಂಗೈ ಇಟ್ಟು, ಧೈರ್ಯ ಮಾಡಿ ಹೇಳಿದೆ. "ಕದಲಾಕು. ನೇನುಂಡಾ."

ಕೊಳವೆಯೊಳಗಿಂದ ಕಿಸಕ್ಕೆಂದ ಸದ್ದು ಬಂತು. ಪೆಟ್ಟು ಬಿದ್ದ ಮೇಲೆ ಅವರು ನಕ್ಕದ್ದು ಅದೇ ಮೊದಲು. ಕಾಲು ಕುಲುಕುತ್ತಿತ್ತು.

"ಸರ್, ಅಲ್ಲಾಡಬೇಡಿ" ಎಂದು ಮೈಕಿನಲ್ಲಿ ಟೆಕ್ನಿಷಿಯನ್ ಗದರಿದರು.

ಗಾಯದ ಸುತ್ತಲಿನ ಬಿಸಿ ಮೊದಲಿಗಿಂತ ಇಳಿದಿದೆ, ಎರಡೂ ಕಡೆ ಹೆಚ್ಚುಕಡಿಮೆ ಸಮವಾಗಿದೆ ಎಂದು ಮೇಡಂ ಹೇಳಿದರು. ಜೋಡಿಸಬೇಡಿ ಎಂದು ಮತ್ತೆ ಎಚ್ಚರಿಸಿದರು. ತಲೆ ಸುಡುವುದು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಬೇಗ ದಣಿಯುತ್ತಾರೆ. ಗಿರಾಕಿಗಳ ಹೆಸರು ಮರೆಯುತ್ತಾರೆ. ಸಣ್ಣದಕ್ಕೆ ಸಿಡುಕುತ್ತಾರೆ. ದಣಿದಾಗ ತೆಲುಗು ಬರುತ್ತದೆ, ಆಗ ನಾನು ಅಂದಾಜಿನ ಮೇಲೆ ಉತ್ತರ ಕೊಡುತ್ತೇನೆ. ಇಷ್ಟರಲ್ಲೇ ಉಳಿದರೂ ಸಾಕು ಎಂದು ಕೈಮುಗಿಯುವುದನ್ನು ಕಲಿತಿದ್ದೇನೆ. ಹೊಟ್ಟೆಕಿಚ್ಚು ಹೋಗಿದೆ ಎಂದರೆ ಸುಳ್ಳಾಗುತ್ತದೆ. ಅದೂ ಅವರ ತಲೆಯ ಉರಿಯಂತೆ, ಇಳಿದಿದೆ.

ಈಗ ಬೈಕ್ ಹತ್ತುವಂತಿಲ್ಲ, ಆದ್ದರಿಂದ ಸೋಮವಾರ ಅಕ್ಕನಿಗೆ ಫೋನ್. ಮೊನ್ನೆ ಪಡಸಾಲೆಯಲ್ಲಿ ಕೂತು ಸ್ಪೀಕರ್ ಹಾಕಿಕೊಂಡು ಮಾತಾಡುತ್ತಿದ್ದರು, ತೆಲುಗಿನಲ್ಲಿ. ನಾನು ಬಾಗಿಲ ಹತ್ತಿರ ನಿಂತೆ. ಈ ಸಲ ಅಂದಾಜು ಬೇಕಾಗಲಿಲ್ಲ, ಎಲ್ಲವೂ ತಿಳಿಯಿತು. ಇವಳು ಕಾಫಿಗೆ ಸಕ್ಕರೆ ಹಾಕುವುದಿಲ್ಲ, ಬೆಳಿಗ್ಗೆ ಎದ್ದರೆ ನಡಿ ನಡಿ ಎಂದು ಪ್ರಾಣ ತಿನ್ನುತ್ತಾಳೆ, ಅಂಗಡಿಯಲ್ಲಿ ನನ್ನನ್ನು ಕುರ್ಚಿ ಬಿಟ್ಟು ಏಳಗೊಡುವುದಿಲ್ಲ. ಅತ್ತಿಗೆ ಅತ್ತ ಕಡೆಯಿಂದ ಬೈದರು. ಅವಳು ಹೇಳಿದ ಹಾಗೆ ಕೇಳು, ನನ್ನ ಹತ್ತಿರ ಚಾಡಿ ಹೇಳಬೇಡ.

ಫೋನಿಟ್ಟು ತಿರುಗಿದವರು ನನ್ನನ್ನು ನೋಡಿದರು.

"ಏನು?" ಎಂದರು.

"ಏಮೀ ಲೇದು" ಎಂದೆ, ಏನೂ ಇಲ್ಲ ಅಂತ.

"ಲೇದು ಅಲ್ಲ ಕಣೇ, ನಮ್ಮ ಕಡೆ ಲ್ಯಾದು ಅಂತಾರೆ" ಎಂದು ತಿದ್ದಿದರು, ಕನ್ನಡದಲ್ಲಿ, ಎಲ್ಲೂ ತಡವರಿಸದೆ.